ಕೆಡಿಸುವ ಹಕ್ಕು

1851ರ ಆಗಸ್ಟ್ ತಿಂಗಳಲ್ಲಿ ಪ್ರಶ್ಯಾದ ಸರ್ಕಾರ ಒಂದು ಆದೇಶ ಹೊರಡಿಸಿತು. ಪುಟ್ಟ ಮಕ್ಕಳು ಕಾಗದ ಮಡಚುವ, ಮರದ ತುಂಡು ಜೋಡಿಸುವ, ಜೇಡಿಮಣ್ಣಲ್ಲಿ ಆಟಿಕೆ ಮಾಡುವ ಒಂದು ಬಗೆಯ ಶಾಲೆ ಇನ್ಮುಂದೆ ತನ್ನ ರಾಜ್ಯದಲ್ಲಿ ನಡೆಯಕೂಡದು ಅಂತ. ಆರೋಪ ಏನು ಗೊತ್ತಾ? ನಾಸ್ತಿಕತೆ ಮತ್ತು ಸಮಾಜವಾದ! ನಾಲ್ಕು ವರ್ಷದ ಮಗು ಕಾಗದದ ದೋಣಿ ಮಾಡಿದ್ರೆ ಸಿಂಹಾಸನ ಅಲ್ಲಾಡುತ್ತೆ ಅಂತ ಹೆದರಿದ ಸರ್ಕಾರ ಅದು.

ಆ ಶಾಲೆಯ ಹೆಸರು ಕಿಂಡರ್‌ಗಾರ್ಟನ್. ಜರ್ಮನ್ ಭಾಷೆಯಲ್ಲಿ ‘ಮಕ್ಕಳ ತೋಟ’. ನಾವು ಎಲ್‌ಕೆಜಿ, ಯುಕೆಜಿ ಅಂತೀವಲ್ಲ, ಅದರ ಬಾಲದಲ್ಲಿರೋ ‘ಕೆಜಿ’ ಇದೇ. ಅಡ್ಮಿಷನ್ ಸೀಸನ್ ಬಂದ್ರೆ ಆಫೀಸಿನ ಕ್ಯಾಂಟೀನಲ್ಲಿ ಇದೇ ಮಾತು. ಯಾವ ಶಾಲೆ, ಎಷ್ಟು ಫೀಸು, ಬಸ್ ಎಷ್ಟೊತ್ತಿಗೆ ಬರುತ್ತೆ. ಆದ್ರೆ ಆ ಎರಡಕ್ಷರದ ಹಿಂದೆ ಏನಿದೆ ಅಂತ ಯಾರೂ ಕೇಳಲ್ಲ. ಕುತೂಹಲಕ್ಕೆ ಓದ್ತಾ ಹೋದೆ. ಸಣ್ಣ ಮಕ್ಕಳ ಕೈಗೆ ಕಾಗದ, ಮಣ್ಣು, ದಾರ, ಕಡ್ಡಿ ಕೊಟ್ಟು ಕಲಿಸಬೇಕು ಅನ್ನೋ ವಿಚಾರಕ್ಕೆ ಹತ್ತಿರ ಹತ್ತಿರ ಇನ್ನೂರು ವರ್ಷದ ಚರಿತ್ರೆ ಇದೆ. ಪ್ರತಿ ಸಲ ಯಾರೋ ಒಬ್ಬರು ಅದನ್ನ ಪ್ರೀತಿಯಿಂದ ಶುರು ಮಾಡ್ತಾರೆ, ದೊಡ್ಡವರ ವ್ಯವಸ್ಥೆ ಅದನ್ನ ನುಂಗುತ್ತೆ, ಆಮೇಲೆ ಇನ್ನೆಲ್ಲೋ ಮತ್ತೆ ಚಿಗುರುತ್ತೆ. ಯಾಕೆ ಹೀಗೆ ಅನ್ನೋದಕ್ಕೆ ನನಗೆ ಒಂದು ಉತ್ತರ ಹೊಳೆದಿದೆ. ಮೊದಲು ಕಥೆ ಕೇಳಿ.

ಫ್ರೆಡ್ರಿಕ್ ಫ್ರೋಬೆಲ್ ಹುಟ್ಟಿದ್ದು 1782ರಲ್ಲಿ, ಜರ್ಮನಿಯ ತುರಿಂಗಿಯಾ ಸೀಮೆಯ ಒಂದು ಹಳ್ಳಿಯಲ್ಲಿ. ವರ್ಷ ತುಂಬೋದ್ರೊಳಗೆ ತಾಯಿ ತೀರಿಕೊಂಡರು. ಹದಿಹರೆಯದಲ್ಲಿ ಅರಣ್ಯದ ಕೆಲಸ ಕಲಿಯೋಕೆ ಹೋದರು. ಸ್ವಿಟ್ಜರ್‌ಲೆಂಡಿನಲ್ಲಿ ಪೆಸ್ಟಾಲೊಜಿ ಅನ್ನೋ ಹೆಸರಾಂತ ಶಿಕ್ಷಕರ ಶಾಲೆಯಲ್ಲಿ ಎರಡು ವರ್ಷ ಇದ್ದರು. ಆಮೇಲೆ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಹರಳುಗಳ ನಡುವೆ ಕೆಲಸ. ಹರಳು ನೋಡಿ ನೋಡಿ ಅವರಿಗೆ ಒಂದು ನಂಬಿಕೆ ಬಂತು. ಪ್ರಕೃತಿಯಲ್ಲಿ ಎಲ್ಲವೂ ಕೆಲವೇ ಸರಳ ಆಕಾರಗಳಿಂದ ಬೆಳೆಯುತ್ತೆ, ಮಗುವಿನ ಬುದ್ಧಿಯೂ ಹಾಗೇ ಬೆಳೆಯಬಹುದು ಅಂತ.

1837ರಲ್ಲಿ ಬಾಡ್ ಬ್ಲಾಂಕನ್‌ಬುರ್ಗ್ ಅನ್ನೋ ಊರಲ್ಲಿ ಅವರು ಪುಟ್ಟ ಮಕ್ಕಳಿಗಾಗಿ ಸಂಸ್ಥೆ ತೆರೆದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರು. ಅಲ್ಲಿ ಪಾಠಪುಸ್ತಕ ಇರಲಿಲ್ಲ. ಬದಲಿಗೆ ‘ಉಡುಗೊರೆ’ಗಳು ಇದ್ದವು. ಮೊದಲನೆಯದು ಉಣ್ಣೆಯ ಆರು ಮೆತ್ತನೆ ಚೆಂಡು. ಎರಡನೆಯದು ಮರದ ಗೋಳ, ಉರುಳೆ, ಘನ. ಮೂರನೆಯದರಲ್ಲೇ ನಿಜವಾದ ಮಜಾ ಇರೋದು. ನೋಡೋಕೆ ಒಂದೇ ಘನ, ಬಿಡಿಸಿದ್ರೆ ಎಂಟು ಸಣ್ಣ ಘನ. ಅದೇ ಎಂಟು ತುಂಡಲ್ಲಿ ಮಗು ಕುರ್ಚಿ ಮಾಡುತ್ತೆ, ಗೋಡೆ ಮಾಡುತ್ತೆ, ನಕ್ಷತ್ರದಂಥ ರಂಗೋಲಿ ಜೋಡಿಸುತ್ತೆ. ಅರ್ಧ, ಕಾಲು, ಅರೆಕಾಲು ಅಂದ್ರೆ ಏನು ಅಂತ ಯಾರೂ ಹೇಳಿಕೊಡೋದು ಬೇಡ, ಕೈಯೇ ಹೇಳುತ್ತೆ. ಇದರ ಜತೆಗೆ ಕಾಗದ ಮಡಚೋದು, ಕತ್ತರಿಸೋದು, ಹೆಣೆಯೋದು, ಹೊಲಿಯೋದು, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಆಕಾರ ಕಟ್ಟೋದು. ಇವತ್ತು ನಮ್ಮ ಮಕ್ಕಳ ಶಾಲೆಯಲ್ಲಿ ‘ಆಕ್ಟಿವಿಟಿ’ ಅಂತ ಏನೇನು ಮಾಡಿಸ್ತಾರೋ ಅದರಲ್ಲಿ ಬಹುಪಾಲು ಅಲ್ಲಿಂದಲೇ ಬಂದಿದ್ದು.

ನಿಷೇಧದ ಮರುವರ್ಷವೇ, 1852ರಲ್ಲಿ, ಫ್ರೋಬೆಲ್ ತೀರಿಕೊಂಡರು. ಅವರ ಅಣ್ಣನ ಮಗ ಕಾರ್ಲ್ ಫ್ರೋಬೆಲ್‌ನ ವಿಚಾರಗಳನ್ನ ಇವರದ್ದು ಅಂತ ತಿಳಿದು ಸರ್ಕಾರ ಎಡವಿತ್ತು ಅಂತ ಇತಿಹಾಸಕಾರರು ಹೇಳ್ತಾರೆ. 1860ರಲ್ಲಿ ನಿಷೇಧ ತೆಗೆದರು. ಅಷ್ಟರಲ್ಲಿ ದೇಶ ಬಿಟ್ಟ ಜರ್ಮನ್ನರ ಜತೆ ಕಿಂಡರ್‌ಗಾರ್ಟನ್ ಅಮೆರಿಕಕ್ಕೂ ಹೋಗಿಯಾಗಿತ್ತು. 1876ರಲ್ಲಿ ಟೋಕಿಯೊದಲ್ಲೂ ಶುರುವಾಯ್ತು.

ನಿಷೇಧ ಮಾಡಲಾಗದ್ದನ್ನ ಜನಪ್ರಿಯತೆ ಮಾಡಿತು. ಅಮೆರಿಕದಲ್ಲಿ ಉಡುಗೊರೆಗಳು ಪೆಟ್ಟಿಗೆಯಲ್ಲಿ ಬಂದವು, ಕಂಪನಿಗಳು ಮಾರಿದವು. ಮಕ್ಕಳ ಮೇಜಿನ ಮೇಲೆ ಇಂಚಿಂಚಿಗೆ ಗೆರೆ ಎಳೆದರು. ಟೀಚರ್ ಹೇಳ್ತಾರೆ, ಬಲಗಡೆಯ ತುಂಡು ಎತ್ತಿ, ಮುಂದಿನ ಚೌಕದಲ್ಲಿಡಿ. ಎಲ್ಲ ಮಕ್ಕಳೂ ಒಟ್ಟಿಗೆ ಎತ್ತಿ ಒಟ್ಟಿಗೆ ಇಡಬೇಕು. ಕೊನೆಗೆ ಎಲ್ಲರ ಮುಂದೆಯೂ ಒಂದೇ ನಕ್ಷತ್ರ. ತಪ್ಪೋಕೆ ಜಾಗವೇ ಇಲ್ಲ. ಕೈ ಆಡ್ತಿದೆ, ಆದ್ರೆ ತಲೆ ಟೀಚರದ್ದು.

ಅದೇ ಹೊತ್ತಿಗೆ ಉಡುಗೊರೆಯ ಒಂದು ಬೀಜ ನಮ್ಮ ಕಡೆಗೂ ಹಾರಿ ಬಂದಿತ್ತು. 1893ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬಂತು. ಕಾಗದ ಮಡಿಕೆಯಲ್ಲಿ ರೇಖಾಗಣಿತ ಮಾಡೋದು ಹೇಗೆ ಅಂತ. ಬರೆದವರು ಟಿ. ಸುಂದರ ರಾವ್. ಈ ಪುಸ್ತಕದ ಯೋಚನೆ ಹೊಳೆದದ್ದೇ ಕಿಂಡರ್‌ಗಾರ್ಟನ್ನಿನ ಎಂಟನೇ ಉಡುಗೊರೆಯಾದ ಕಾಗದ ಮಡಚುವಿಕೆಯಿಂದ ಅಂತ ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಸ್ಕೇಲಿಲ್ಲ, ಕಂಪಾಸಿಲ್ಲ, ಒಂದು ಚೌಕ ಕಾಗದ ಅಷ್ಟೇ. ಅದರಿಂದ ಸಮಬಾಹು ತ್ರಿಭುಜ, ಪಂಚಭುಜ, ಷಡ್ಭುಜ, ಕೊನೆಗೆ ಪ್ಯಾರಾಬೋಲಾ, ಎಲಿಪ್ಸ್ ತನಕ ಹೋಗ್ತಾರೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಪುಸ್ತಕದಲ್ಲಿ ಇದನ್ನ ಹೆಸರಿಸಿದರು. 1901ರಲ್ಲಿ ಚಿಕಾಗೋದಲ್ಲಿ ಅಮೆರಿಕನ್ ಆವೃತ್ತಿ ಬಂತು. ನಾಲ್ಕು ವರ್ಷದ ಮಕ್ಕಳ ಆಟ ಮದ್ರಾಸಿಗೆ ಬಂದು, ಗಣಿತವಾಗಿ, ಬಂದಲ್ಲಿಗೇ ವಾಪಸ್ ಹೋಯ್ತು!

ಅದರಲ್ಲಿರೋ ತ್ರಿಭುಜವನ್ನ ನೀವೂ ಈಗಲೇ ಮಾಡಿ ನೋಡಬಹುದು. ಒಂದು ಚೌಕ ಕಾಗದವನ್ನ ಎಡದಂಚು ಬಲದಂಚಿಗೆ ಕೂರುವ ಹಾಗೆ ಮಡಚಿ ಬಿಚ್ಚಿ. ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಬಿತ್ತು. ಈಗ ಕೆಳಗಿನ ಎಡಮೂಲೆಯನ್ನ ಒತ್ತಿ ಹಿಡಿದುಕೊಂಡು, ಕೆಳಗಿನ ಬಲಮೂಲೆಯನ್ನ ಎತ್ತಿ ಆ ನಡುಗೆರೆಯ ಮೇಲೆ ಕೂರಿಸಿ. ಹೊಸ ಮಡಿಕೆ ಎಡಮೂಲೆಯಿಂದಲೇ ಹೊರಡಬೇಕು. ಬಲಮೂಲೆ ಗೆರೆಯ ಮೇಲೆ ಎಲ್ಲಿ ಕೂತಿತೋ ಅಲ್ಲಿ ಒಂದು ಚುಕ್ಕಿ ಇಡಿ. ಆ ಚುಕ್ಕಿ ಮತ್ತು ಕೆಳಗಿನ ಎರಡು ಮೂಲೆ ಸೇರಿಸಿದ್ರೆ ಸಮಬಾಹು ತ್ರಿಭುಜ. ಯಾಕೆ ಅಂದ್ರೆ ಎತ್ತಿದ್ದು ಅದೇ ಕೆಳಗಿನ ಅಂಚನ್ನ, ಅದರ ಉದ್ದ ಬದಲಾಗಿಲ್ಲ. ಚುಕ್ಕಿ ನಡುಗೆರೆಯ ಮೇಲಿರೋದ್ರಿಂದ ಎರಡೂ ಮೂಲೆಗೆ ಸಮದೂರ. ಮೊದಲ ಸಲ ಸೊಟ್ಟ ಬಂದ್ರೆ ಇನ್ನೊಂದು ಕಾಗದ ತಗೊಳ್ಳಿ, ನಷ್ಟ ಏನೂ ಇಲ್ಲ. ಈ ‘ನಷ್ಟ ಏನೂ ಇಲ್ಲ’ ಅನ್ನೋ ಮಾತನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಈಗ ವಾರ್ಧಾಕ್ಕೆ ಬರೋಣ. 1937ರ ಅಕ್ಟೋಬರ್ 22 ಮತ್ತು 23ರಂದು ಗಾಂಧೀಜಿ ಅಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಬರೀ ಪುಸ್ತಕದ ಓದು ಮಕ್ಕಳನ್ನ ಗುಮಾಸ್ತರನ್ನಾಗಿ ಮಾಡ್ತಿದೆ, ಯಾವುದಾದರೂ ಒಂದು ಕಸುಬನ್ನ ನಡುವೆ ಇಟ್ಟು ಅದರ ಸುತ್ತ ಲೆಕ್ಕ, ಭಾಷೆ, ವಿಜ್ಞಾನ ಕಲಿಸಬೇಕು ಅನ್ನೋದು ಅವರ ವಾದ. ಜಾಕಿರ್ ಹುಸೇನರ ಸಮಿತಿ ಅದೇ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 7ರಿಂದ 14 ವರ್ಷದ ಮಕ್ಕಳಿಗೆ ದಿನಕ್ಕೆ ಐದೂವರೆ ಗಂಟೆ ಶಾಲೆ, ಅದರಲ್ಲಿ 3 ಗಂಟೆ 20 ನಿಮಿಷ ಕಸುಬು. ನೂಲು-ನೇಯ್ಗೆ, ಬಡಗಿ ಕೆಲಸ, ಬೇಸಾಯ, ಹಣ್ಣು-ತರಕಾರಿ ತೋಟ, ಚರ್ಮದ ಕೆಲಸ. ಇದಕ್ಕೆ ನಯೀ ತಾಲೀಮ್ ಅಂತ ಹೆಸರು ಬಂತು.

ಇದರಲ್ಲಿ ನಿಜವಾಗಿ ಕ್ರಾಂತಿಕಾರಕ ಅನ್ನಿಸೋದು ಒಂದಿದೆ. ಯಾವ ಜಾತಿಯ ಮಗುವಾದರೂ ತಕಲಿ ಹಿಡಿಯಬೇಕು, ಮಣ್ಣು ಮುಟ್ಟಬೇಕು. ಕೈ ಕೊಳೆ ಮಾಡಿಕೊಳ್ಳದೇ ಸಾವಿರಾರು ವರ್ಷ ಉಂಡ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಆದ್ರೆ ಅದರ ಜತೆ ಇನ್ನೊಂದು ಮಾತೂ ಬಂತು. ಮಕ್ಕಳು ಮಾಡಿದ್ದನ್ನ ಮಾರಿ, ಆ ದುಡ್ಡಲ್ಲಿ ಮೇಷ್ಟ್ರ ಸಂಬಳ ಹೊರಡಬೇಕು ಅಂತ. ದೇಶದಲ್ಲಿ ದುಡ್ಡಿರಲಿಲ್ಲ, ಎಲ್ಲ ಹಳ್ಳಿಗೂ ಶಾಲೆ ಬೇಕಿತ್ತು, ಗಾಂಧೀಜಿಯ ಲೆಕ್ಕ ಅರ್ಥವಾಗುತ್ತೆ. ಸಮ್ಮೇಳನದಲ್ಲೇ ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಇದನ್ನ ವಿರೋಧಿಸಿದರು. ಯೋಚಿಸಿ ನೋಡಿ. ಏಳು ವರ್ಷದ ಮಗು ಹಂಜಿ ಹಿಡಿದು ನೂಲು ತೆಗೆಯೋಕೆ ಕೂತರೆ ಮೊದಲು ನೂಲು ಹರಿಯುತ್ತೆ, ಗಂಟಾಗುತ್ತೆ, ಹತ್ತಿ ಹಾಳಾಗುತ್ತೆ. ಕಲಿಕೆ ಅಂದ್ರೆ ಅದೇ. ಆದ್ರೆ ಆ ನೂಲನ್ನ ಮಾರಬೇಕು ಅಂದ ಕ್ಷಣವೇ ಹರಿದ ನೂಲು ಕಲಿಕೆ ಅಲ್ಲ, ನಷ್ಟ.

ಇಲ್ಲಿ ನಮ್ಮ ಮನೆಯ ಮಾತು ಹೇಳಬೇಕು. ನಾನು ಹಾವೇರಿ ಕಡೆಯ ಹಳ್ಳಿಯವನು. ನಮ್ಮಪ್ಪ ಬಡಿಗೇರ. ರಂಟಿ, ಕುಂಟಿ, ಬಾಗಿಲು, ಬಂಡಿ ಗಾಲಿ ರಿಪೇರಿ, ಎಲ್ಲ ಮಾಡೋರು. ಗಾಲಿಯನ್ನ ಆರು ಸಮಭಾಗ ಮಾಡಬೇಕು ಅಂದ್ರೆ ನಡುವಿನಿಂದ ಅಂಚಿಗೆ ದಾರ ಹಿಡಿದು, ಅದೇ ದಾರವನ್ನ ಅಂಚಿನ ಸುತ್ತ ಇಡ್ತಾ ಹೋಗೋರು. ಸರಿಯಾಗಿ ಆರು ಸಲಕ್ಕೆ ಮುಗಿಯೋದು. ಸುಂದರ ರಾವ್ ಅವರ ಸಮಬಾಹು ತ್ರಿಭುಜವೇ ಅಲ್ಲಿ ಆರು ಸಲ ಕೂತಿದೆ ಅಂತ ನನಗೆ ತಿಳಿದದ್ದು ಬಿಇ ಮುಗಿಸಿ ಎಷ್ಟೋ ವರ್ಷದ ಮೇಲೆ. ಅಪ್ಪ ಓದಿದ್ದು ಮೂರನೇ ಇಯತ್ತೆ.

ಆದ್ರೆ ಆ ಅಪ್ಪನೇ ನನಗೆ ಬಾಚಿ ಮುಟ್ಟೋಕೆ ಬಿಡ್ತಿರಲಿಲ್ಲ. "ಇದರ ಉಸಾಬರಿ ನಿನಗ ಬ್ಯಾಡ. ಸಾಲಿಗೆ ಹೋಗು" ಅನ್ನೋರು. ಒಮ್ಮೆ ಹಟ ಮಾಡಿದಾಗ ಹೇಳಿದ್ರು, "ಕಟ್ಟಿಗಿ ಕೆಟ್ರ ರೊಕ್ಕ ಯಾರ್ ಕೊಡ್ತಾರ?" ಎರಡೂ ಮಾತಲ್ಲಿ ಒಂದು ಬದುಕಿನ ಲೆಕ್ಕಾಚಾರವಿತ್ತು. ಸಾಗವಾನಿ ಮರ ರೈತನದು, ಮಗ ಕಲೀತಾನೆ ಅಂತ ಕೆಡಿಸೋ ಹಾಗಿಲ್ಲ. ಕೆಡಿಸದೇ ಕಲಿಯೋಕೆ ಆಗಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನೋ ಗಾದೆ ಇದೆಯಲ್ಲ, ಅಪ್ಪನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಅವರು ಕಂಡ ಊರಲ್ಲಿ ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು.

ಅದಕ್ಕೇ 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ನಡೆದದ್ದನ್ನ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಆಗ ನಮ್ಮ ದಕ್ಷಿಣ ಕನ್ನಡವೂ ಆ ರಾಜ್ಯದಲ್ಲೇ ಇತ್ತು. ಮುಖ್ಯಮಂತ್ರಿ ರಾಜಾಜಿ ಹಳ್ಳಿ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ತರಗತಿ, ಉಳಿದ ಹೊತ್ತು ಅಪ್ಪ-ಅಮ್ಮನ ಕಸುಬು ಕಲಿಯೋದು. ಇದ್ದ ಮೇಷ್ಟ್ರಲ್ಲೇ ಎರಡು ಪಾಳಿ ನಡೆಸಿ ಹೆಚ್ಚು ಮಕ್ಕಳಿಗೆ ಓದು ಕೊಡೋ ಉಪಾಯ ಅಂತ ಅವರ ಕಡೆಯವರು ಹೇಳಿದರು. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದಕ್ಕೆ ‘ಕುಲ ಕಲ್ವಿ’ ಅಂದ್ರೆ ಕುಲದ ಶಿಕ್ಷಣ ಅಂತ ಹೆಸರಿಟ್ಟು ಬೀದಿಗಿಳಿದರು. ಕ್ಷೌರಿಕನ ಮಗ ಕ್ಷೌರಿಕನಾಗಿ, ಬಡಗಿಯ ಮಗ ಬಡಗಿಯಾಗಿ ಉಳಿಯೋ ಏರ್ಪಾಡು ಇದು ಅಂತ. ಮರುವರ್ಷ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರು ಬಂದು ಯೋಜನೆಯನ್ನ ಕೈಬಿಟ್ಟರು.

ಬೀದಿಗಿಳಿದವರು ಕೈಕೆಲಸದ ವೈರಿಗಳಲ್ಲ, ಕೈಕೆಲಸ ಮಾಡಿ ಸವೆದವರು. ಮನೆಯ ಕಸುಬಿಗೆ ಮಗುವನ್ನ ಕೂರಿಸೋದು ಶಿಕ್ಷಣ ಅಲ್ಲ ಅಂತ ಅವರಿಗೆ ಗೊತ್ತಿತ್ತು. ಅಲ್ಲಿ ಕೆಡಿಸೋ ಹಕ್ಕು ಇಲ್ಲ. ಹೊಟ್ಟೆಪಾಡಿನ ಕೆಲಸದಲ್ಲಿ ಪ್ರಯೋಗಕ್ಕೆ ಜಾಗ ಇಲ್ಲ. ಅಪ್ಪ ಮಾಡಿದ ಹಾಗೇ ಮಾಡಬೇಕು, ಬೇಗ ಮಾಡಬೇಕು.

ನಯೀ ತಾಲೀಮ್ ಆಮೇಲೆ ಏನಾಯ್ತು? ಉಳ್ಳವರು ತಮ್ಮ ಮಕ್ಕಳನ್ನ ಇಂಗ್ಲಿಷ್ ಶಾಲೆಗೆ ಕಳಿಸಿದರು, ಮೂಲ ಶಿಕ್ಷಣದ ಶಾಲೆ ಹಳ್ಳಿಯ ಬಡವರ ಪಾಲಿಗೆ ಉಳೀತು. ಕೊಠಾರಿ ಆಯೋಗ 1966ರಲ್ಲಿ ‘ಕಾರ್ಯಾನುಭವ’ ಅಂತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ಎಸ್‌ಯುಪಿಡಬ್ಲ್ಯು ಅಂತ ಹೊಸ ಹೆಸರು ಕೊಟ್ಟಿತು, ಸಮಾಜೋಪಯೋಗಿ ಉತ್ಪಾದಕ ಕೆಲಸ ಅಂತ ಅರ್ಥ. ನಿಮ್ಮಲ್ಲಿ ಕೆಲವರಿಗೆ ಅದರ ಇನ್ನೊಂದು ವಿಸ್ತರಣೆ ಗೊತ್ತಿರ್ಬೇಕು, ‘ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್’! ನಾನು ಓದಿದ ಶಾಲೆಯಲ್ಲಿ ಕಾರ್ಯಾನುಭವದ ಪೀರಿಯಡ್ ಅಂದ್ರೆ ಮೈದಾನದ ಕಸ ಹೊಡೆಯೋದು, ಗಿಡಕ್ಕೆ ನೀರು ಹಾಕೋದು. ಪೊರಕೆ ಯಾರ ಕೈಗೆ ಬರ್ತಿತ್ತು, ಹಾಜರಿ ಪುಸ್ತಕ ಹಿಡಿಯೋ ಕೆಲಸ ಯಾರಿಗೆ ಹೋಗ್ತಿತ್ತು ಅನ್ನೋದು ನಮಗೆಲ್ಲ ಮೊದಲೇ ಗೊತ್ತಿತ್ತು. ಗಾಂಧೀಜಿ ಯಾವುದನ್ನ ಅಳಿಸೋಕೆ ಹೊರಟಿದ್ದರೋ ಅದೇ ಗೆರೆ, ಅವರ ಹೆಸರಿನ ಪೀರಿಯಡ್ಡಿನಲ್ಲೇ ಇನ್ನಷ್ಟು ದಪ್ಪ ಆಯ್ತು.

ಚಿಗುರಿದ್ದು ಬೇರೆ ಕಡೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಶುರುವಾಯ್ತು. ಪ್ರಯೋಗವನ್ನ ಮೇಷ್ಟ್ರು ಮಾಡಿ ತೋರಿಸೋದಲ್ಲ, ಮಕ್ಕಳೇ ಗುಂಪು ಗುಂಪಾಗಿ ಮಾಡಿ ಉತ್ತರ ಕಂಡುಕೊಳ್ಳೋದು. 1978ರಲ್ಲಿ ಪುಣೆಯ ಲಾರಿ ಕಾರ್ಖಾನೆಯಲ್ಲಿದ್ದ ಒಬ್ಬ ಐಐಟಿ ಇಂಜಿನಿಯರ್ ರಜೆ ಹಾಕಿ ಅಲ್ಲಿಗೆ ಬಂದರು. ಅವರೇ ಅರವಿಂದ ಗುಪ್ತ. ವಾರದ ಸಂತೆಯಲ್ಲಿ ಸಿಗೋ ಅಗ್ಗದ ವಸ್ತುಗಳಲ್ಲಿ ಏನು ಮಾಡಬಹುದು ಅಂತ ನೋಡಿದರು. ಸೈಕಲ್ಲಿನ ವಾಲ್ವ್ ಟ್ಯೂಬಿನ ಸಣ್ಣ ತುಂಡುಗಳನ್ನ ಬೆಂಕಿಕಡ್ಡಿಗಳ ನಡುವೆ ಕೀಲಿನ ಹಾಗೆ ಸಿಕ್ಕಿಸಿದರು. ಮೂರು ಕಡ್ಡಿಯ ತ್ರಿಕೋನ ಒತ್ತಿದ್ರೂ ಅಲ್ಲಾಡಲ್ಲ. ನಾಲ್ಕು ಕಡ್ಡಿಯ ಚೌಕ ಒತ್ತಿದ ತಕ್ಷಣ ವಾಲುತ್ತೆ. ಸೇತುವೆ, ಟವರ್, ಚಾವಣಿಗಳಲ್ಲಿ ತ್ರಿಕೋನಗಳೇ ಯಾಕೆ ಇರುತ್ತೆ ಅಂತ ಮಗುವಿನ ಬೆರಳಿಗೆ ಗೊತ್ತಾಗೋಕೆ ಕೆಲವು ಪೈಸೆ ಸಾಕು. ಬಟಾಣಿ ಹೋಗಿ ಟ್ಯೂಬ್ ಬಂದಿದೆ, ಅಷ್ಟೇ. ಫ್ರೋಬೆಲ್ ನೋಡಿದ್ದರೆ ಗುರುತು ಹಿಡೀತಿದ್ದರು.

ಕಡ್ಡಿ ಮುರಿದ್ರೆ ಇನ್ನೊಂದು ಕಡ್ಡಿ. ಕೆಟ್ಟರೆ ರೊಕ್ಕ ಯಾರೂ ಕೇಳಲ್ಲ. ಗುಪ್ತ ಅವರ ಆಟಿಕೆಗಳ ಗುಟ್ಟು ಅವುಗಳ ಜಾಣತನದಲ್ಲಿ ಮಾತ್ರ ಇಲ್ಲ, ಅಗ್ಗದಲ್ಲೂ ಇದೆ. ಬಡಗಿಯ ಮಗನಿಗೂ ವೈದ್ಯರ ಮಗಳಿಗೂ ಅಲ್ಲಿ ಕೆಡಿಸೋ ಹಕ್ಕು ಒಂದೇ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೋಶಂಗಾಬಾದಿನ ಕಾರ್ಯಕ್ರಮವನ್ನ ಮಾತ್ರ 2002ರಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿತು.

ನಮ್ಮ ರಾಜ್ಯದ ಪುಟ್ಟ ಮಕ್ಕಳಿಗೆ ಇದರ ಗಾಳಿ ತಾಗಿದ್ದು ‘ನಲಿ-ಕಲಿ’ಯಲ್ಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನ ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. ಮೇಲಿನಿಂದ ಇಳಿದ ಆದೇಶ ಅಲ್ಲ, ಮೇಷ್ಟ್ರುಗಳು ಕೂತು ಮಾಡಿದ ಕಾರ್ಡುಗಳು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಬಂತು. ಆ ತರಗತಿಗಳಲ್ಲಿ ‘ಕಲಿಕಾ ಚಪ್ಪರ’ ಅಂತ ಒಂದು ಇರುತ್ತೆ. ತಲೆಯ ಮೇಲೆ ದಾರ ಕಟ್ಟಿ, ಮಕ್ಕಳು ಬರೆದದ್ದು, ಕತ್ತರಿಸಿದ್ದು, ಮಡಚಿದ್ದು ಎಲ್ಲವನ್ನ ನೇತುಹಾಕೋದು. ಮೂರು ಕಾಲಿನ ಆನೆ, ಕಿವಿಯಿಲ್ಲದ ಬೆಕ್ಕು, ಎಲ್ಲವೂ ಅದೇ ಚಪ್ಪರದಲ್ಲಿ. ಚೆನ್ನಾಗಿದ್ದದ್ದನ್ನ ಆರಿಸಿ ಹಾಕಿದ್ರೆ ಅದು ಚಪ್ಪರ ಅಲ್ಲ, ಶೋಕೇಸು.

ಈಗ ನಮ್ಮ ಅಪಾರ್ಟ್‌ಮೆಂಟುಗಳ ಕಡೆ ನೋಡಿ. ಯುಕೆಜಿ ಮಗುವಿಗೆ ಸೌರಮಂಡಲದ ಮಾಡೆಲ್ ಪ್ರಾಜೆಕ್ಟು. ಅಪ್ಪ ಥರ್ಮಾಕೋಲ್ ಕತ್ತರಿಸ್ತಾರೆ, ಅಮ್ಮ ಶನಿಗ್ರಹಕ್ಕೆ ಬಳೆ ತೊಡಿಸ್ತಾರೆ, ಮಗು ಪಕ್ಕದಲ್ಲಿ ಕೂತು "ನಾನು ಮಾಡ್ತೀನಿ, ನಾನು ಮಾಡ್ತೀನಿ" ಅನ್ನುತ್ತೆ. ಅದರ ಕೈಗೆ ಕೊಡಲ್ಲ. ಯಾಕೆ? ಕೆಡಿಸಿಬಿಡುತ್ತೆ! ಇನ್ನು ಕೆಲವರು ಸ್ಟೇಷನರಿ ಅಂಗಡಿಯಲ್ಲೇ ರೆಡಿ ಮಾಡಿಸಿ ತರ್ತಾರೆ. ವಾರ್ಧಾದಲ್ಲಿ ನೂಲಿಗೆ ಬಿದ್ದ ಬೆಲೆಯನ್ನೇ ಇಲ್ಲಿ ನಾವು ಮಾರ್ಕ್ಸಿಗೆ, ವಾಟ್ಸ್ಆ್ಯಪ್ ಫೋಟೋಗೆ ಕಟ್ತಿದೀವಿ. ನಮ್ಮಪ್ಪ ನನ್ನ ಕೈಗೆ ಬಾಚಿ ಕೊಡದಿದ್ದಕ್ಕೆ ಬಡತನದ ಕಾರಣ ಇತ್ತು. ಮಗುವಿನ ಕೈಯಿಂದ ಕತ್ತರಿ ಕಿತ್ತುಕೊಳ್ಳೋ ನಮಗೆ ಯಾವ ಕಾರಣ ಇದೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಸಾಲು ನನ್ನ ಗಮನ ಸೆಳೀತು. 6ರಿಂದ 8ನೇ ತರಗತಿಯ ನಡುವೆ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟಗಾರ, ಕುಂಬಾರ, ಕಲಾವಿದರಂಥವರ ಹತ್ತಿರ ಕಲಿಯಬೇಕು ಅಂತ. ಕೇಳೋಕೆ ಖುಷಿಯಾಗುತ್ತೆ. ಊರಿಗೆ ಹೋದಾಗ ಅಪ್ಪನಿಗೂ ಹೇಳಿದೆ. ಅವರು ಬೀಡಿ ಆರಿಸಿ, ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು, "ಬಡಿಗ್ಯಾನ ಮಗಾನೂ ಬರ್ತಾನೇನು ಆ ಹುಡುಗರ ಕೂಡ? ಇಲ್ಲಾ ಅವರಿಗೆ ನೀರು ತಂದ್ಕೊಡಾಕ ನಿಲ್ಲಿಸ್ತಾರೊ?" ನೂರು ವರ್ಷದ ಚರ್ಚೆಯೆಲ್ಲ ಆ ಎರಡು ಪ್ರಶ್ನೆಯಲ್ಲಿತ್ತು. ಎಲ್ಲ ಮಕ್ಕಳೂ ಒಂದೇ ಚಾಪೆ ಮೇಲೆ ಕೂತು, ಒಂದೇ ಬಗೆಯ ಅಗ್ಗದ ಕಟ್ಟಿಗೆಯನ್ನ ಕೆಡಿಸಿ ಕಲಿತರೆ ಅದು ಶಿಕ್ಷಣ. ಇಲ್ದಿದ್ರೆ ಕೆಲವರಿಗೆ ಪಿಕ್ನಿಕ್ಕು, ಇನ್ನು ಕೆಲವರಿಗೆ ಹಳೇ ಚಾಕರಿ.

ಸರ್ಕಾರದ ನೀತಿ ನಮ್ಮ ಕೈಲಿಲ್ಲ. ಮನೆಯ ರದ್ದಿ ಪೇಪರ್ ನಮ್ಮ ಕೈಲಿದೆ. ಅದನ್ನ ಚೌಕವಾಗಿ ಕತ್ತರಿಸಿ ಒಂದು ಕಟ್ಟು ಮಗುವಿನ ಮುಂದಿಡಿ, ಜತೆಗೆ ಮೊಂಡು ಕತ್ತರಿ, ಅಂಟು. ಕೆಲಸದ ಅಕ್ಕನ ಮಗು ಮನೆಗೆ ಬಂದಿದ್ದರೆ ಅದನ್ನೂ ಪಕ್ಕದಲ್ಲಿ ಕೂರಿಸಿ, ಅದೇ ಕಟ್ಟಿನಿಂದ ಅಷ್ಟೇ ಕಾಗದ ಕೊಡಿ. ಏನು ಮಾಡಬೇಕು ಅಂತ ಹೇಳಬೇಡಿ. ಫೋನು ಒಳಗಿರಲಿ. ಮೂವತ್ತು ಕಾಗದ ಹಾಳಾಗಬಹುದು. ಮೂವತ್ತೊಂದನೆಯದೂ ಹಾಳಾಗಬಹುದು, ಆಗಲಿ ಬಿಡಿ.